ಲ್ಯಾಬ್ ಇಲ್ಲದೆ ಸ್ಟೆಮ್ ಸೆಲ್ ಕಸಿ: ಕಲಬುರಗಿಯಲ್ಲಿ ಲೆಕ್ಕ ಕೂಡಿಬಂದ ಬಗೆ

"ಸ್ಟೆಮ್ ಸೆಲ್ ಎಲ್ಲ ಹೈದರಾಬಾದ್, ಬೆಂಗಳೂರಿನವರ ಕೆಲಸ ಮಾರಾಯ. ನೀನು ಸುಮ್ನೆ ಫೇಕೋ (ಕಣ್ಣಿನ ಪೊರೆ ಆಪರೇಷನ್) ಮಾಡ್ಕೊಂಡು ಆರಾಮಾಗಿರು." ಮಂಗಳೂರು ಕಡೆಯ ಬ್ಯಾಚ್‌ಮೇಟ್ ಒಬ್ಬ ಹೀಗಂದ. ಪಿಜಿಯಲ್ಲಿ ಕಲಿಸಿದ ಮೇಷ್ಟ್ರು ಇನ್ನೂ ಮೆತ್ತಗೆ ಅದನ್ನೇ ಹೇಳಿದರು. ನಮ್ಮ ಆಡಿಟರ್ ಅಂತೂ "ಇದು ಧರ್ಮಕಾರ್ಯ ಅಂತ ಬರ್ಕೊಳ್ಳಲಾ ಡಾಕ್ಟ್ರೇ?" ಎಂದು ನಕ್ಕರು. ಈಗ ಕಲಬುರಗಿಯ ನನ್ನ ಸಣ್ಣ ಕಣ್ಣಿನ ಆಸ್ಪತ್ರೆಯಲ್ಲಿ ಸ್ಲೆಟ್ (ಚೆನ್ನಾಗಿರುವ ಕಣ್ಣಿನ ಸ್ಟೆಮ್ ಸೆಲ್ ಚೂರನ್ನು ಲ್ಯಾಬ್ ಇಲ್ಲದೆಯೇ ಸುಟ್ಟ ಕಣ್ಣಿಗೆ ಕಸಿ ಮಾಡುವ ಆಪರೇಷನ್) ಮಾಡಿಸಿಕೊಂಡವರು ಅರವತ್ತರ ಮೇಲಿದ್ದಾರೆ. ಅವರಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಜನರ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ವರ್ಷ ಕಳೆದರೂ ತಿಳಿಯಾಗಿಯೇ ಇದೆ. ಎರಡು ವರ್ಷದಿಂದ ಇದಕ್ಕೆ ನಾನು ಕೈಯಿಂದ ದುಡ್ಡು ಹಾಕಿಲ್ಲ. ಆಡಿಟರ್ ಈಗ ನಗೋದಿಲ್ಲ.

ಕಾರ್ನಿಯಾದ ಅಂಚಿನ ಲಿಂಬಸ್‌ನಲ್ಲಿರುವ ಸ್ಟೆಮ್ ಸೆಲ್‌ಗಳು ಅದರ ಮೇಲ್ಪದರವನ್ನು ಹೊಸದು ಮಾಡುತ್ತಿರುತ್ತವೆ, ಅವು ಸುಟ್ಟರೆ ಕಾರ್ನಿಯಾ ಮೇಲೆ ರಕ್ತನಾಳ ತುಂಬಿದ ಪದರ (ಪ್ಯಾನಸ್) ಹಬ್ಬುತ್ತದೆ ಎಂದು ಕಣ್ಣಿನ ಡಾಕ್ಟರರಾದ ನಿಮಗೆ ಹೇಳಬೇಕಾಗಿಲ್ಲ. ಸ್ಲಿಟ್ ಲ್ಯಾಂಪ್ (ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕ) ಮುಂದೆ ಕೂರುವವರಿಗೆ ಅದೆಲ್ಲ ಗೊತ್ತು. ದುಡ್ಡಿನ ವಿಷಯ, ಕೈಕೊಟ್ಟ ಕೇಸುಗಳ ವಿಷಯ ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಅದನ್ನೇ ಬರೆಯುತ್ತೇನೆ.

ನಮ್ಮ ಭಾಗದಲ್ಲಿ ಈ ರೋಗಿಗಳಿಗೆ ಬರ ಇಲ್ಲ. ತಂಬಾಕು ತಿಕ್ಕುವವರ ಜೇಬಿನಲ್ಲಿ ಸುಣ್ಣದ ಟ್ಯೂಬೋ ಪ್ಯಾಕೆಟ್ಟೋ ಇದ್ದೇ ಇರುತ್ತದೆ. ಮಕ್ಕಳು ಅದನ್ನು ಆಟಕ್ಕೆ ಎತ್ತಿಕೊಂಡು ಹಿಚುಕುತ್ತಾರೆ. ಟ್ಯೂಬಿನ ಬಾಯಿ ಗಟ್ಟಿಕಟ್ಟಿದ್ದರೆ ಸುಣ್ಣ ಒಮ್ಮೆಲೇ ಸಿಡಿದು ನೇರ ಕಣ್ಣಿಗೆ. ಪಿಎಚ್ 12ರ ಆಸುಪಾಸು, ಅಂದರೆ ಕಡು ಕ್ಷಾರ. ಮನೆಯವರು ನೀರು ಹಾಕಿ ತೊಳೆಯುವ ಬದಲು ಹರಳೆಣ್ಣೆ ಬಿಡುತ್ತಾರೆ, ಎದೆಹಾಲು ಬಿಡುತ್ತಾರೆ. ಎಷ್ಟೋ ಸಲ ನಮ್ಮಲ್ಲಿಗೆ ಬಂದಾಗಲೂ ಮೇಲಿನ ರೆಪ್ಪೆ ಮಗುಚಿದರೆ ಸುಣ್ಣದ ಹರಳು ಅಲ್ಲೇ ಅಂಟಿಕೊಂಡಿರುತ್ತದೆ. ಒಂದು ಕಣ್ಣು ಸುಟ್ಟಿರುತ್ತದೆ, ಇನ್ನೊಂದು ನೆಟ್ಟಗಿರುತ್ತದೆ. ಸ್ಲೆಟ್‌ಗೆ ಬೇಕಾಗಿರುವುದು ಇಂಥ ಕೇಸೇ. ಹೇಳಲಿಕ್ಕೆ ಚೆನ್ನಾಗಿಲ್ಲ, ಆದರೆ ಹಣ ಹೂಡುವವರ ಲೆಕ್ಕದಲ್ಲಿ ಇದೇ ಮಾರ್ಕೆಟ್. ಜೇಬಲ್ಲಿ ಕಾಸಿಲ್ಲದವರ ಮಾರ್ಕೆಟ್.

2014-15ರ ಸುಮಾರಿಗೆ ನನಗೆ ಲ್ಯಾಬ್ ಹಾಕುವ ಹುಚ್ಚು ಹಿಡಿದಿತ್ತು. ಚೆನ್ನಾಗಿರುವ ಕಣ್ಣಿನಿಂದ ಚೂರು ತೆಗೆದು, ಎರಡು ವಾರ ಬೆಳೆಸಿ, ಹಾಳೆಯಂತೆ ಮಾಡಿ ಕೂರಿಸುವ ವಿಧಾನ. ಇಟಲಿಯ ಪೆಲೆಗ್ರಿನಿ, ಡೆ ಲೂಕಾ 1997ರಲ್ಲೇ ಇದನ್ನು ಮಾಡಿ ತೋರಿಸಿದ್ದರು. ಕ್ಲೀನ್ ರೂಮು, ಇನ್‌ಕ್ಯುಬೇಟರು, ಜನರೇಟರು, ಇಬ್ಬರು ಟೆಕ್ನಿಷಿಯನ್ನು ಎಲ್ಲ ಸೇರಿ ಕೊಟೇಶನ್ ಒಂದೂವರೆ ಕೋಟಿ ಹತ್ತಿರ ಬಂತು. ವರ್ಷಕ್ಕೆ ಇಪ್ಪತ್ತು ಕೇಸು ಹಿಡಿದು ಹಲವು ವರ್ಷಕ್ಕೆ ಹಂಚಿದರೂ ತಲೆಗೆ ಒಂದು ಲಕ್ಷಕ್ಕಿಂತ ಜಾಸ್ತಿ ಖರ್ಚು, ಅದೂ ಸಾಲದ ಬಡ್ಡಿ ಸೇರಿಸದೆ. ಬೇಸಿಗೆಯಲ್ಲಿ ನಮ್ಮೂರಲ್ಲಿ ಕರೆಂಟ್ ಹೋದರೆ ಇನ್‌ಕ್ಯುಬೇಟರ್ ಒಳಗಿನ ಸೆಲ್‌ಗಳ ಗತಿ ಏನು ಅಂತ ಯಾವ ಕೊಟೇಶನ್ನಿನಲ್ಲೂ ಇರಲಿಲ್ಲ.

ಹಣ ಹಾಕುತ್ತೇನೆ ಎಂದು ಒಬ್ಬರು ಬೆಂಗಳೂರಿಂದ ಬಂದರು. ಜೋಳದ ರೊಟ್ಟಿ ಊಟ ಮಾಡಿ, ಲೆಕ್ಕದ ಹಾಳೆ ನೋಡಿ, "ಕಣ್ಣು ಸಣ್ಣ ಮಾರ್ಕೆಟ್ ಡಾಕ್ಟ್ರೇ. ಮಂಡಿ, ಕೂದಲು, ಶುಗರ್ ಸೇರಿಸಿ, ಆಗ ನೋಡೋಣ" ಎಂದರು. ಊಟ ಚೆನ್ನಾಗಿತ್ತಂತೆ. ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ನೋಡಿದರೆ ದೊಡ್ಡವರಿಗೂ ಇದೇ ಪಾಡು. ಆ ಇಟಲಿಯ ಕೆಲಸವೇ ಹೋಲೋಕ್ಲಾರ್ ಆಗಿ 2015ರಲ್ಲಿ ಯುರೋಪಿನಲ್ಲಿ ಅನುಮತಿ ಪಡೆಯಿತು. ಅಲ್ಲಿ ಅನುಮತಿ ಸಿಕ್ಕ ಮೊದಲ ಸ್ಟೆಮ್ ಸೆಲ್ ಔಷಧಿ ಅದು. 2017ರಲ್ಲಿ ಬ್ರಿಟನ್ನಿನಲ್ಲಿ ಅದರ ದರ ಒಂದು ಕಣ್ಣಿಗೆ 80,000 ಪೌಂಡ್, ಆಗಿನ ಲೆಕ್ಕಕ್ಕೆ 65 ಲಕ್ಷ ರೂಪಾಯಿಯ ಆಚೀಚೆ. ಚೂರು ಇಟಲಿಯ ಮೊಡೆನಾಗೆ ಹೋಗಬೇಕು, ಬೆಳೆದು ವಾಪಸ್ ಬರಬೇಕು. ಅಷ್ಟು ದರ ಇಟ್ಟರೂ ಅದನ್ನು ತಯಾರಿಸುವ ಹೋಲೋಸ್ಟೆಮ್ ಕಂಪನಿ 2022-23ರಲ್ಲಿ ಮುಚ್ಚುವ ಹಂತಕ್ಕೆ ಬಂದಿತ್ತು. ಜಪಾನಿನ ಔಷಧಿ ಕಂಪನಿ ಟಕೇಡಾ ಕಥೆಯೂ ಹಾಗೇ. ಗುದದ್ವಾರದ ಫಿಸ್ಟುಲಾಗೆ ಆಲೋಫಿಸೆಲ್ ಎಂಬ ಸ್ಟೆಮ್ ಸೆಲ್ ಔಷಧಿ ತರಲು ಟೈಜೆನಿಕ್ಸ್ ಎಂಬ ಕಂಪನಿಯನ್ನೇ 52 ಕೋಟಿ ಯೂರೋ ಕೊಟ್ಟು ಕೊಂಡರು. ಮುಂದಿನ ಟ್ರಯಲ್‌ನಲ್ಲಿ ಫಲ ಕಾಣಲಿಲ್ಲ, 2024ರಲ್ಲಿ ಯುರೋಪಿನ ಮಾರುಕಟ್ಟೆಯಿಂದ ವಾಪಸ್ ತೆಗೆದರು. ಅಂಥವರೇ ಹೀಗೆ ಕೈ ಸುಟ್ಟುಕೊಂಡಿರುವಾಗ ಜಿಲ್ಲಾ ಕೇಂದ್ರದ ಕಣ್ಣಿನ ಡಾಕ್ಟರ್ ಎಷ್ಟರವನು?

ನಮ್ಮ ದೇಶದ ಕಾನೂನೂ ಸ್ಪಷ್ಟ ಇದೆ. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಸ್ಟೆಮ್ ಸೆಲ್‌ನಿಂದ ಮಾಡಿದ ಉತ್ಪನ್ನ ಯಾವತ್ತಿಗೂ 'ಹೊಸ ಔಷಧಿ'ಯೇ. ಲ್ಯಾಬಿನಲ್ಲಿ ಬೆಳೆಸಿ ಮಾರುತ್ತೇನೆಂದರೆ ಟ್ರಯಲ್ ಮಾಡಬೇಕು, ಡ್ರಗ್ ಕಂಟ್ರೋಲರ್ ಬಾಗಿಲಿಗೆ ಹೋಗಬೇಕು. ಬೆಂಗಳೂರಿನ ಸ್ಟೆಮ್‌ಪ್ಯೂಟಿಕ್ಸ್ ಆ ದಾರಿಯನ್ನು ಪೂರ್ತಿ ನಡೆದಿದೆ. ಕಾಲಿನ ರಕ್ತನಾಳದ ಕಾಯಿಲೆಗೆ ಅವರ ಸ್ಟೆಮ್‌ಪ್ಯೂಸೆಲ್‌ಗೆ 2020ರಲ್ಲಿ ಅನುಮತಿ ಬಂತು, ಆಮೇಲೆ ಮಂಡಿ ಸವೆತಕ್ಕೂ ಬಂತು. ಹಿಂದೆ ಮಣಿಪಾಲ್ ಗ್ರೂಪ್ ಇತ್ತು, ಹತ್ತು ವರ್ಷಕ್ಕೂ ಮೇಲೆ ಕಾಯುವ ತಾಕತ್ತಿತ್ತು. ನನ್ನ ಹಿಂದೆ ಇದ್ದದ್ದು ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್) ಅಕೌಂಟ್.

ದಾರಿ ತೋರಿಸಿದ್ದು ಪಕ್ಕದ ಹೈದರಾಬಾದೇ. ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ಡಾ. ವೀರೇಂದ್ರ ಸಾಂಗ್ವಾನ್ ತಂಡ 2012ರಲ್ಲಿ ಸ್ಲೆಟ್ ಪ್ರಕಟಿಸಿತು. ಅಲ್ಲಿ ಅದಾಗಲೇ ಲ್ಯಾಬಿನಲ್ಲಿ ಬೆಳೆಸಿ ನೂರಾರು ಕಸಿ ಮಾಡಿದ್ದರು. ಆಮೇಲೆ ಲ್ಯಾಬನ್ನೇ ಬಿಟ್ಟರು. ಚೆನ್ನಾಗಿರುವ ಕಣ್ಣಿನಿಂದ 2 ಮಿ.ಮೀ. ಅಗಲದ ಚೂರು, ಅದನ್ನು ಎಂಟು-ಹತ್ತು ತುಂಡು ಮಾಡಿ, ಆಮ್ನಿಯಾನ್ (ಹೆರಿಗೆಯ ಮಾಸಿನಿಂದ ತೆಗೆದ ತೆಳು ಪದರ) ಮೇಲೆ ಫೈಬ್ರಿನ್ ಗ್ಲೂ ಎಂಬ ಅಂಟು ಹಾಕಿ ಅಂಟಿಸುವುದು, ಮೇಲೊಂದು ಬ್ಯಾಂಡೇಜ್ ಲೆನ್ಸ್. ಸೆಲ್‌ಗಳು ಕಣ್ಣಿನ ಮೇಲೇ ಬೆಳೆಯುತ್ತವೆ. ಕಣ್ಣೇ ಇನ್‌ಕ್ಯುಬೇಟರ್, ಕರೆಂಟ್ ಬಿಲ್ ಇಲ್ಲ. 2016ರಲ್ಲಿ ಅವರು ಬರೆದ 125 ಜನರ ವರದಿಯಲ್ಲಿ ಶೇ. 76 ಯಶಸ್ಸು. ಇಟಲಿಯವರು 2010ರಲ್ಲಿ ಬೆಳೆಸಿದ ಸೆಲ್‌ಗಳಿಗೆ ಬರೆದ ಸಂಖ್ಯೆಯೂ ಅದರ ಆಸುಪಾಸೇ.

ನಾನು ಶುರು ಮಾಡಿದಾಗ ಮೊದಲ ಹತ್ತು-ಹನ್ನೆರಡು ಕೇಸುಗಳಲ್ಲಿ ನಾಲ್ಕೈದು ಕೈಕೊಟ್ಟವು. ಒಂದೊಂದೂ ಬೇರೆ ಬೇರೆ ಕಾರಣಕ್ಕೆ. ಟಾಯ್ಲೆಟ್ ತೊಳೆಯುವ ಆಸಿಡ್ ಬಿದ್ದ ಹೆಂಗಸು ಒಬ್ಬರು, ಮೂರು ತಿಂಗಳಲ್ಲೇ ಮತ್ತೆ ನಾಳಗಳು ನುಗ್ಗಿದವು. ಆಸಿಡ್ ಕೇಸುಗಳು ಹೈದರಾಬಾದಿನವರಿಗೂ ಕಷ್ಟವಾಗಿದ್ದವು. ಇನ್ನೊಬ್ಬ ಹುಡುಗನಿಗೆ ರೆಪ್ಪೆ ಗುಡ್ಡೆಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿ ಅದೇ ದಿನ ಸ್ಲೆಟ್ ಮಾಡಿದೆ, ರೆಪ್ಪೆ ಮತ್ತೆ ಅಂಟಿ ಕಸಿಯನ್ನು ಎಳೆದುಕೊಂಡು ಹೋಯಿತು. ಈಗ ರೆಪ್ಪೆ, ಫೋರ್ನಿಕ್ಸ್ (ರೆಪ್ಪೆಯ ಒಳಮಡಿಕೆ) ಮೊದಲು ಸರಿಮಾಡಿ, ಕಣ್ಣಿನ ಕೆಂಪು ಪೂರ್ತಿ ಇಳಿಯುವ ತನಕ ಕಾಯುತ್ತೇನೆ. ಆರು ತಿಂಗಳು ಅಂದ್ರೆ ಆರು ತಿಂಗಳು. ಮನೆಯವರು ಎಷ್ಟು ಅವಸರ ಮಾಡಿದರೂ ಅಷ್ಟೇ. ಚಿಕ್ಕ ಮಕ್ಕಳು ಉಜ್ಜಿಕೊಂಡು ತುಂಡುಗಳನ್ನು ಉದುರಿಸುತ್ತಾರೆ. ಮೂರ್ನಾಲ್ಕು ತುಂಡು ಹೋದರೆ ಆ ಮೂಲೆಯಿಂದಲೇ ಪ್ಯಾನಸ್ ತಿರುಗಿ ಬರುತ್ತದೆ. ಅದಕ್ಕೇ ಮಕ್ಕಳಿಗೆ ತಾತ್ಕಾಲಿಕ ಟಾರ್ಸೋರಫಿ (ರೆಪ್ಪೆಗಳನ್ನು ಸೇರಿಸಿ ಹೊಲಿಯುವುದು), ಜೊತೆಗೆ ಮೊಣಕೈಗೆ ರಟ್ಟಿನ ಪಟ್ಟಿ.

ಪ್ಯಾನಸ್ ಬಿಡಿಸುವಾಗ ಕಾಟರಿ (ನಾಳ ಸುಟ್ಟು ರಕ್ತ ನಿಲ್ಲಿಸುವ ಸಾಧನ) ಜಾಸ್ತಿ ಬಳಸದೆ ರಕ್ತ ನಿಲ್ಲಿಸುವುದಕ್ಕೆ ನನ್ನದೊಂದು ಉಪಾಯ ಇದೆ. ಇಲ್ಲಿ ಬರೆಯಲ್ಲ. ತುಂಡುಗಳು ಜಾರದಂತೆ ಗ್ಲೂ ಹಾಕುವ ಕ್ರಮದಲ್ಲೂ ಒಂದು ಗುಟ್ಟು ಇದೆ, ಅದೂ ಓಟಿಗೆ (ಆಪರೇಷನ್ ಥಿಯೇಟರಿಗೆ) ಬಂದವರಿಗೆ ಮಾತ್ರ.

ಹತ್ತನೇ ದಿನದ ಕಣ್ಣನ್ನು ನೀವು ನೋಡಬೇಕು. ಅಫಜಲಪುರ ಕಡೆಯ ಆರು ವರ್ಷದ ಹುಡುಗ, ಅಜ್ಜನ ಸುಣ್ಣದ ಟ್ಯೂಬಿನಿಂದ ಸುಟ್ಟದ್ದು. ಅರಿವಳಿಕೆ ಕೊಟ್ಟು ಹೊಲಿಗೆ ಬಿಚ್ಚಿ, ಫ್ಲೋರೆಸೀನ್ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದೆ. ಒಂದೊಂದು ತುಂಡಿನ ಸುತ್ತಲೂ ಬಣ್ಣ ಹಿಡಿಯದ ಕಪ್ಪು ವೃತ್ತ, ಅಂದರೆ ಹೊಸ ಪದರ ಬೆಳೆದ ಜಾಗ. ಪಕ್ಕಪಕ್ಕದ ಎರಡು ವೃತ್ತ ಆಗಲೇ ಕೂಡಿದ್ದವು. ನಡುವೆ ಮಾತ್ರ ಹಸಿರು ಗೆರೆಗಳು ಉಳಿದಿದ್ದವು. ಐದು ದಿನ ಬಿಟ್ಟು ನೋಡಿದಾಗ ಆ ಗೆರೆಗಳೂ ಇರಲಿಲ್ಲ. ಹೊರಗೆ ಅಜ್ಜ, "ಸಾಹೇಬ್ರ, ಕಣ್ಣ ಬರ್ತದೇನ್ರಿ?" ಎಂದು ಕೇಳಿದರು. ಬರ್ತದ ಕಾಕಾ, ಆದರೆ ಮೊದಲು ಜೇಬಲ್ಲಿರೋದು ಕೊಡ್ರಿ ಎಂದೆ. ಕೊಟ್ಟರು. ಮುಂದಿನ ಫಾಲೋ-ಅಪ್‌ಗೆ ಬಂದಾಗ ಹೊಸ ಟ್ಯೂಬ್ ಇತ್ತು.

ಈಗ ದುಡ್ಡಿನ ಲೆಕ್ಕ. ಒಂದು ಕೇಸಿಗೆ ಗ್ಲೂ ಆರೇಳು ಸಾವಿರ, ಆಮ್ನಿಯಾನ್ ಒಂದೂವರೆ ಸಾವಿರ, ಲೆನ್ಸ್, ಡ್ರಾಪ್ಸ್, ಓಟಿ, ಮಕ್ಕಳಾದರೆ ಅರಿವಳಿಕೆ ಡಾಕ್ಟರ್ ಫೀಸು. ಹದಿನೈದು-ಹದಿನೆಂಟು ಸಾವಿರ ಅಂತೂ ಹೋಗುತ್ತದೆ. ನಾನು ತೆಗೆದುಕೊಳ್ಳುವುದು ಇಪ್ಪತ್ತೈದರ ಹತ್ತಿರ, ಅರ್ಧ ಜನ ಅದನ್ನೂ ಕಂತಿನಲ್ಲಿ ಕೊಡುತ್ತಾರೆ. ಖರ್ಚಿಗಿಂತ ಜಾಸ್ತಿ ಕಾಡುವುದು ಸಮಯ. ಒಂದು ಸ್ಲೆಟ್ ಮಾಡುವಷ್ಟರಲ್ಲಿ ನಾಲ್ಕು ಫೇಕೋ ಮುಗಿಯುತ್ತವೆ. ಆ ಲೆಕ್ಕ ಹಾಕಿದರೆ ಯಾರೂ ಇದಕ್ಕೆ ಕೈ ಹಾಕುವುದಿಲ್ಲ.

ಲೆಕ್ಕ ಕೂಡಿಬಂದದ್ದು ಟೆರಿಜಿಯಂನಿಂದ, ಅಂದರೆ ಕಣ್ಣಿನ ಬಿಳಿಭಾಗದಿಂದ ಕಾರ್ನಿಯಾ ಮೇಲೆ ಬೆಳೆಯುವ ಮಾಂಸದ ಪದರದ ಆಪರೇಷನ್ನಿನಿಂದ. ನಮ್ಮ ಬಿಸಿಲಿಗೆ, ತೊಗರಿ ಹೊಲದ ಧೂಳಿಗೆ ಟೆರಿಜಿಯಂಗೇನು ಕೊರತೆ? ಸ್ಲೆಟ್ ಇರುವ ದಿನವೇ ಎರಡು-ಮೂರು ಟೆರಿಜಿಯಂ ಹಾಕಿಕೊಳ್ಳುತ್ತೇನೆ. ಗ್ಲೂ ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಕಲಸಿದ ಕೂಡಲೇ ಓಟಿಯಲ್ಲೇ ಬೇರೆ ಬೇರೆ ಸ್ಟೆರೈಲ್ ಸಿರಿಂಜಿಗೆ ಹಂಚಿಬಿಟ್ಟರೆ ಒಂದು ಪ್ಯಾಕ್ ಎಲ್ಲರಿಗೂ ಸಾಕು. ಸ್ಲೆಟ್ ಪಾಲಿಗೆ ಗ್ಲೂ ಖರ್ಚು ಎರಡು ಸಾವಿರಕ್ಕೆ ಇಳಿಯಿತು. ಟೆರಿಜಿಯಂನವರಿಗೂ ಹೊಲಿಗೆಯ ಚುಚ್ಚಾಟ ಇಲ್ಲ, ಖುಷಿಯಾಗಿ ಕೊಡುತ್ತಾರೆ. ನನ್ನ ಆಸ್ಪತ್ರೆಯಲ್ಲಿ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಸಾಕುತ್ತಿರುವುದು ಟೆರಿಜಿಯಂ ಅಂದ್ರೆ ತಪ್ಪಲ್ಲ.

ಗ್ಲೂ ಪೂರ್ತಿ ಉಳಿಸೋಣ ಅಂತ ರೋಗಿಯ ರಕ್ತದಲ್ಲೇ ಅಂಟಿಸಿಯೂ ನೋಡಿದೆ. ಟೆರಿಜಿಯಂಗೆ ಅದು ಚೆನ್ನಾಗಿ ಹಿಡಿಯುತ್ತದೆ. ಸ್ಲೆಟ್ ತುಂಡುಗಳು ಮಾತ್ರ ಮರುದಿನವೇ ಲೆನ್ಸ್ ಕೆಳಗೆ ಒಂದೆಡೆ ಗುಂಪುಗೂಡಿ ಕೂತಿದ್ದವು. ಎರಡು ಕೇಸಿನ ಮೇಲೆ ಬಿಟ್ಟೆ. ಒಣಗಿಸಿದ ಆಮ್ನಿಯಾನ್ ಕೂಡ ಪ್ರಯತ್ನಿಸಿದೆ. ಬೀರುವಿನಲ್ಲೇ ಇಡಬಹುದು, ಬಸ್ಸಿನಲ್ಲಿ ಥರ್ಮೊಕೋಲ್ ಡಬ್ಬಿ ಬರುವುದನ್ನು ಕಾಯುವ ಗೋಳಿಲ್ಲ. ಆದರೆ ಒದ್ದೆಯಾದ ಮೇಲೆ ಮಡಿಕೆ ಬಿಡಿಸುವುದರಲ್ಲಿ ಸಾಕುಬೇಕಾಗುತ್ತದೆ. ಎರಡು ಪದರ ಆಮ್ನಿಯಾನ್ ನಡುವೆ ತುಂಡುಗಳನ್ನು ಇಡುವ ವಿಧಾನವನ್ನು ಹಟಮಾರಿ ಮಕ್ಕಳಿಗೆ ಈಗಲೂ ಬಳಸುತ್ತೇನೆ. ಖರ್ಚು ಸ್ವಲ್ಪ ಜಾಸ್ತಿ, ಉದುರುವುದು ಕಮ್ಮಿ. ಅವರವರ ರಕ್ತದ ಸೀರಮ್‌ನಿಂದ ಮಾಡಿದ ಡ್ರಾಪ್ಸ್ ಅಗ್ಗ, ಒಣ ಕಣ್ಣಿನವರಿಗೆ ಒಳ್ಳೆಯದು. ಫ್ರಿಜ್ ಇಲ್ಲದ ಮನೆಗೆ ಮಾತ್ರ ಕೊಡಬೇಡಿ.

ವಿಮೆಯದು ಬೇರೆಯೇ ತಲೆನೋವು. ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟೆಮ್ ಸೆಲ್ ಕಸಿ ಎಂದು ಬರೆದರೆ ಕ್ಲೇಮ್ ವಾಪಸ್. ವಿಮೆ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2019ರಲ್ಲಿ ಆಧುನಿಕ ಚಿಕಿತ್ಸೆಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಸ್ಟೆಮ್ ಸೆಲ್‌ಗೆ ಜಾಗ ಇರುವುದು ರಕ್ತದ ಕಾಯಿಲೆಗಳಿಗೆ ಮಾಡುವ ಬೋನ್ ಮ್ಯಾರೋ ಕಸಿಗೆ ಮಾತ್ರ. ಒಂದು ವಿಮೆ ಕಂಪನಿಯ ಜೊತೆ ಎಂಟು ತಿಂಗಳು ಪತ್ರ ಬರೆದು ಸಾಕಾಯಿತು. ಈಗ ಮಾಡಿದ ಆಪರೇಷನ್ನನ್ನು ಹಂತಹಂತವಾಗಿ ಬಿಡಿಸಿ ಬರೆಯುತ್ತೇವೆ: ಪ್ಯಾನಸ್ ತೆಗೆದದ್ದು, ಆಮ್ನಿಯಾನ್ ಹಾಕಿದ್ದು, ಅದೇ ರೋಗಿಯ ಲಿಂಬಸ್ ಕಸಿ. ಸುಳ್ಳು ಒಂದಕ್ಷರ ಇಲ್ಲ. ಹತ್ತರಲ್ಲಿ ಆರೇಳು ಪಾಸಾಗುತ್ತವೆ.

ಸ್ಟೆಮ್ ಸೆಲ್ ಎಂದರೆ ಅನುಮಾನ ಬರುವಂತೆ ಮಾಡಿದ್ದು ಊರೂರಲ್ಲಿ ಅದರ ಬೋರ್ಡ್ ಹಾಕಿರುವ ಕ್ಲಿನಿಕ್‌ಗಳು. ಆಟಿಸಂನಿಂದ ಹಿಡಿದು ಬೊಕ್ಕತಲೆ ತನಕ ಎಲ್ಲದಕ್ಕೂ ಒಂದೇ ಇಂಜೆಕ್ಷನ್, ಲಕ್ಷಗಟ್ಟಲೆ ಬಿಲ್ಲು. ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಇಂಥದ್ದನ್ನು ಟ್ರಯಲ್ ಹೊರಗೆ ಮಾಡಬಾರದು ಎಂದು ಹೇಳಿ ಎಷ್ಟು ವರ್ಷವಾಯಿತು? ಹೊಲ ಮಾರಿ ಅಲ್ಲಿ ದುಡ್ಡು ಸುರಿದವರು ಆಮೇಲೆ ನನ್ನ ಹತ್ತಿರ ಬಂದು, ನೀವು ಯಾಕೆ ಇಷ್ಟು ಕಮ್ಮಿ ತಗೋತೀರಿ, ಇದು ಅಸಲಿ ಹೌದಲ್ಲೋ ಎಂದು ಕೇಳುತ್ತಾರೆ. ಸಿಟ್ಟು ಬರುತ್ತದೆ, ಆದರೆ ಯಾರ ಮೇಲೆ ತೋರಿಸುವುದು?

ಇನ್ನೊಂದು ವಿಷಯ. ಗ್ಲೂ ಮಾರುವವರು ಬರುತ್ತಾರೆ, ಲೆನ್ಸ್ ಮಾರುವವರು ಬರುತ್ತಾರೆ. ಸ್ಲೆಟ್ ಕಲಿಯಿರಿ ಎಂದು ಯಾವ ರೆಪ್ರೆಸೆಂಟೇಟಿವ್ವೂ ಬರುವುದಿಲ್ಲ. ಪ್ಯಾಕೆಟ್ಟಿನಲ್ಲಿ ಹಾಕಿ ಮಾರಲು ಇದರಲ್ಲಿ ಏನೂ ಇಲ್ಲವಲ್ಲ. ಹಾಗಾಗಿ ಇದನ್ನು ನಾವು ನಾವೇ ಒಬ್ಬರಿಗೊಬ್ಬರು ಹೇಳಿಕೊಡಬೇಕು.

ಎರಡೂ ಕಣ್ಣು ಸುಟ್ಟವರನ್ನು ನಾನು ಮುಟ್ಟುವುದಿಲ್ಲ. ಸಂಬಂಧಿಕರ ಚೂರು ಹಾಕಿದರೆ ವರ್ಷಗಟ್ಟಲೆ ಇಮ್ಯೂನಿಟಿ ತಗ್ಗಿಸುವ ಮಾತ್ರೆ, ತಿಂಗಳು ತಿಂಗಳು ರಕ್ತ ಪರೀಕ್ಷೆ. ಕೂಲಿ ಮಾಡುವವರಿಗೆ ಆ ಖರ್ಚು ನಿಭಾಯಿಸಲು ಆಗದು, ನಡುವೆ ಮಾತ್ರೆ ಬಿಟ್ಟರೆ ಕಸಿಯೂ ಹೋಗುತ್ತದೆ. ಅವರನ್ನು ಹೈದರಾಬಾದಿಗೆ ಕಳಿಸುತ್ತೇನೆ. ಜಪಾನಿನ ಒಸಾಕಾದಲ್ಲಿ ನಿಶಿದಾ ತಂಡ 2019ರಿಂದ ಐಪಿಎಸ್ ಸೆಲ್‌ನಿಂದ (ಸಾಮಾನ್ಯ ಸೆಲ್ ಅನ್ನು ಸ್ಟೆಮ್ ಸೆಲ್‌ನಂತೆ ತಿರುಗಿಸಿದ್ದು) ಬೆಳೆಸಿದ ಹಾಳೆಯನ್ನು ನಾಲ್ವರಿಗೆ ಹಾಕಿ, 2024ರಲ್ಲಿ ಫಲಿತಾಂಶ ಬರೆದಿದೆ. ಓದಲಿಕ್ಕೆ ಖುಷಿ. ಅದರ ದರ ನನ್ನ ಓಪಿಡಿಗೆ ನಿಲುಕುವಷ್ಟು ಇಳಿಯಲು ಎಷ್ಟು ವರ್ಷ ಬೇಕೋ.

ರಾಯಚೂರಿನಿಂದ ಒಬ್ಬರು, ಬೀದರಿನಿಂದ ಒಬ್ಬರು ಈಗಾಗಲೇ ಬಂದು ನೋಡಿಕೊಂಡು ಹೋಗಿದ್ದಾರೆ. ಬೀದರಿನವರು ತಾವೇ ಮಾಡಲು ಶುರು ಮಾಡಿದ್ದಾರೆ. ನೋಡಬೇಕೆನ್ನುವವರು ಬುಧವಾರ ಬನ್ನಿ, ಅವತ್ತು ಟೆರಿಜಿಯಂ ಜೊತೆ ಸ್ಲೆಟ್ ಇಟ್ಟುಕೊಂಡಿರುತ್ತೇನೆ. ನಿಮ್ಮ ವ್ಯಾನಸ್ ಕತ್ತರಿ (ಕಣ್ಣಿನ ಆಪರೇಷನ್ನಿನ ಪುಟ್ಟ ಕತ್ತರಿ) ನೀವೇ ತನ್ನಿ. ನನ್ನದನ್ನು ಯಾರಿಗೂ ಕೊಡುವುದಿಲ್ಲ.