ಐದು ಹೆಸರು, ಒಂದೇ ಚೆಂಡು: ಎನ್‌ಬಿಎ ಸಾರ್ವಕಾಲಿಕ ತಂಡ ಆರಿಸುವ ಬಗೆ

2004ರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್‌ನಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ಪರವಾಗಿ ಶಕೀಲ್ ಓನೀಲ್, ಕೋಬಿ ಬ್ರಯಂಟ್, ಕಾರ್ಲ್ ಮಲೋನ್, ಗ್ಯಾರಿ ಪೇಟನ್ ನಾಲ್ವರೂ ಇದ್ದರು. ನಾಲ್ವರೂ ಮುಂದೆ ಬ್ಯಾಸ್ಕೆಟ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದವರು. ಎದುರಿದ್ದ ಡೆಟ್ರಾಯಿಟ್ ಪಿಸ್ಟನ್ಸ್‌ನಲ್ಲಿ ಅಷ್ಟು ದೊಡ್ಡ ಹೆಸರು ಯಾವುದೂ ಇರಲಿಲ್ಲ. ಗೆದ್ದದ್ದು ಡೆಟ್ರಾಯಿಟ್, 4-1ರಿಂದ. ಮಲೋನ್‌ಗೆ ಮೊಣಕಾಲು ಕೈಕೊಟ್ಟಿತ್ತು, ನಿಜ. ಆದರೂ ಡೆಟ್ರಾಯಿಟ್‌ನ ಐದು ಜನಕ್ಕೂ ಕೋರ್ಟ್ ಮೇಲೆ ತಮ್ಮ ಕೆಲಸ ಏನು ಅಂತ ಗೊತ್ತಿತ್ತು. ಸರಣಿ ತಿರುಗಿದ್ದು ಅಲ್ಲಿ.

ನಾನು ಸಂಜೆ ಹೊತ್ತು ನಮ್ಮ ಬಡಾವಣೆಯ ಕೋರ್ಟ್‌ನಲ್ಲಿ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಆಟ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು 'ಆಲ್ ಟೈಮ್ ಫೈವ್', ಅಂದರೆ ಸಾರ್ವಕಾಲಿಕ ಶ್ರೇಷ್ಠ ಐವರ ತಂಡ ಆರಿಸುವುದು ಅವರಿಗೆ ತುಂಬಾ ಇಷ್ಟ. ಅವರ ಪಟ್ಟಿಯಲ್ಲಿ ಐದಕ್ಕೆ ಐದೂ ಜನ ಚೆಂಡು ತಮ್ಮ ಕೈಯಲ್ಲೇ ಬೇಕು ಅನ್ನುವವರು. ಹಾಗಾಗಿ ನಾನು ಹೇಳುವ ಮೊದಲ ಮಾತು ಇದು: ಹೆಸರು ಆಮೇಲೆ ಬರೆಯಿರಿ, ಮೊದಲು ಕೆಲಸ ಬರೆಯಿರಿ. ರಿಂಗ್ ಕಾಯುವವರು ಯಾರು? ಎದುರು ತಂಡದ ದೊಡ್ಡ ಸ್ಕೋರರ್‌ನನ್ನು ಹಿಡಿಯುವವರು ಯಾರು? ದೂರದಿಂದ ಹಾಕುವವರು ಯಾರು? ಚೆಂಡು ಸಿಗದಿದ್ದರೂ ಓಡುತ್ತಲೇ ಇರುವವರು ಯಾರು?

ಇನ್ನೆರಡು ವಿಷಯ ಮುಂಚೆಯೇ ತೀರ್ಮಾನ ಆಗಬೇಕು. ಯಾವ ನಿಯಮದಲ್ಲಿ ಆಡುತ್ತೀರಿ? ಎನ್‌ಬಿಎಗೆ ತ್ರೀ ಪಾಯಿಂಟ್ ಗೆರೆ (ಇದರ ಹೊರಗಿನಿಂದ ಹಾಕಿದರೆ ಎರಡರ ಬದಲು ಮೂರು ಪಾಯಿಂಟ್) ಬಂದದ್ದು 1979-80ರಲ್ಲಿ. ಗೆರೆ ಇದ್ದರೆ ಒಂದು ತಂಡ, ಇಲ್ಲದಿದ್ದರೆ ಬೇರೆಯೇ ತಂಡ. ನಾನು ಇವತ್ತಿನ ನಿಯಮ ಹಿಡಿಯುತ್ತೇನೆ. ಆಮೇಲೆ, ಆಟಗಾರನ ಎಲ್ಲ ವರ್ಷಗಳನ್ನು ನೋಡುತ್ತೀರೋ, ಒಂದು ಸೀಸನ್ ನೋಡುತ್ತೀರೋ? ಒಂದು ಸೀಸನ್ ನೋಡುವುದೇ ನ್ಯಾಯ. ಬಿಲ್ ವಾಲ್ಟನ್ ಪಾದದ ಗಾಯದಿಂದ ಎಷ್ಟೋ ವರ್ಷ ಕಳೆದುಕೊಂಡರು. ಹಾಗಂತ 1977ರಲ್ಲಿ ಪೋರ್ಟ್‌ಲೆಂಡ್‌ಗೆ ಪ್ರಶಸ್ತಿ ತಂದುಕೊಟ್ಟ ವಾಲ್ಟನ್‌ರನ್ನು ಬಿಟ್ಟುಬಿಡುವುದಾ?

ಹಳೆಯ ಅಂಕಿಗಳನ್ನು ನಿಧಾನವಾಗಿ ಓದಿ. ವಿಲ್ಟ್ ಚೇಂಬರ್ಲಿನ್ 1961-62ರಲ್ಲಿ ಪಂದ್ಯಕ್ಕೆ ಸರಾಸರಿ 50.4 ಪಾಯಿಂಟ್, 25.7 ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು) ಗಳಿಸಿದರು. ಆಗ ಆಟದ ವೇಗ ಜಾಸ್ತಿ, ಶಾಟ್ ಜಾಸ್ತಿ, ತಪ್ಪುವ ಶಾಟ್ ಇನ್ನೂ ಜಾಸ್ತಿ. ಹಾಗಾಗಿ ರೀಬೌಂಡೂ ಜಾಸ್ತಿ. ಬಿಲ್ ರಸೆಲ್ ವಿಷಯದಲ್ಲಿ ಇದು ತಿರುಗುಮುರುಗು. ಬ್ಲಾಕ್ (ಎದುರಾಳಿಯ ಶಾಟ್ ತಡೆಯುವುದು), ಸ್ಟೀಲ್ (ಚೆಂಡು ಕಸಿಯುವುದು) ಲೆಕ್ಕ ಇಡಲು ಶುರು ಮಾಡಿದ್ದು 1973-74ರಲ್ಲಿ. ರಸೆಲ್ 1969ಕ್ಕೇ ಆಟ ಬಿಟ್ಟಿದ್ದರು. 13 ಸೀಸನ್‌ನಲ್ಲಿ 11 ಪ್ರಶಸ್ತಿ ಗೆದ್ದ ಮನುಷ್ಯನ ದೊಡ್ಡ ವಿದ್ಯೆಯಾದ ಶಾಟ್ ತಡೆಯುವುದೇ ದಾಖಲೆಯಲ್ಲಿಲ್ಲ. ಅವರನ್ನು ಸೆಂಟರ್ (ರಿಂಗ್ ಹತ್ತಿರ ಆಡುವ, ಸಾಮಾನ್ಯವಾಗಿ ಅತಿ ಎತ್ತರದ ಆಟಗಾರ) ಮಾಡುವವರ ಜತೆ ನಾನು ವಾದಕ್ಕೆ ಇಳಿಯುವುದಿಲ್ಲ.

ಆಯ್ಕೆಯನ್ನು ಹಿಂದಿನಿಂದ ಶುರು ಮಾಡಿ, ಅಂದರೆ ಸೆಂಟರ್‌ನಿಂದ. ಇವತ್ತಿನ ನಿಯಮದಲ್ಲಿ ಸೆಂಟರ್ ರಿಂಗ್ ಕೆಳಗೆ ನಿಂತರೆ ಸಾಲದು, ತ್ರೀ ಪಾಯಿಂಟ್ ಗೆರೆಯವರೆಗೂ ಹೋಗಿ ಗಾರ್ಡ್‌ಗಳನ್ನು, ಅಂದರೆ ಹೊರಗಿನಿಂದ ಆಡುವ ಚುರುಕಿನವರನ್ನು ತಡೆಯಬೇಕು. ಅದಕ್ಕೆ ನನ್ನ ಆಯ್ಕೆ 1993-94ರ ಹಕೀಮ್ ಓಲಾಜುವಾನ್. ಆ ಒಂದೇ ಸೀಸನ್‌ನಲ್ಲಿ ಎಂವಿಪಿ (ಅತ್ಯಮೂಲ್ಯ ಆಟಗಾರ), ಡಿಫೆನ್ಸಿವ್ ಪ್ಲೇಯರ್ ಆಫ್ ದ ಇಯರ್ (ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ), ಫೈನಲ್ಸ್ ಎಂವಿಪಿ ಮೂರೂ ಅವರಿಗೇ ಸಿಕ್ಕವು. ಹುಡುಗನಾಗಿದ್ದಾಗ ಲಾಗೋಸ್‌ನಲ್ಲಿ ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದವರು. ಆ ಕಾಲಿನ ಚುರುಕು ಬೇರೆ ಯಾವ ಸೆಂಟರ್‌ನಲ್ಲೂ ನಾನು ಕಂಡಿಲ್ಲ.

ಪಕ್ಕದಲ್ಲಿ, ಆಟದಲ್ಲಿ ನಾಲ್ಕನೇ ಜಾಗ ಅನ್ನುವ ಪವರ್ ಫಾರ್ವರ್ಡ್ ಆಗಿ, 2002-03ರ ಟಿಮ್ ಡಂಕನ್. ಎತ್ತರದವರು ಇಬ್ಬರಾದರೆ ಜಾಗ ಇಕ್ಕಟ್ಟಾಗುವುದಿಲ್ಲವಾ ಅಂತ ಹುಡುಗರು ಕೇಳುತ್ತಾರೆ. ಡಂಕನ್ ಡೇವಿಡ್ ರಾಬಿನ್‌ಸನ್ ಜತೆ ಆಡಿಯೇ 1999ರಲ್ಲೂ 2003ರಲ್ಲೂ ಗೆದ್ದವರು. ಇನ್ನೊಬ್ಬ ಎತ್ತರದವನಿಗೆ ಜಾಗ ಬಿಟ್ಟುಕೊಡುವುದು ಅವರಿಗೆ ರೂಢಿ. 2003ರ ಫೈನಲ್ಸ್‌ನ ಕೊನೆಯ ಪಂದ್ಯದಲ್ಲಿ ಅವರದು 21 ಪಾಯಿಂಟ್, 20 ರೀಬೌಂಡ್, 10 ಅಸಿಸ್ಟ್ (ಜತೆಗಾರ ಸ್ಕೋರ್ ಮಾಡಲು ಕೊಟ್ಟ ಪಾಸ್), 8 ಬ್ಲಾಕ್.

ಮೈಕೆಲ್ ಜೋರ್ಡನ್, ಲೆಬ್ರಾನ್ ಜೇಮ್ಸ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಸೀಸನ್ ಮಾತ್ರ ಸರಿಯಾಗಿ ಆರಿಸಿ. ಜೋರ್ಡನ್ 1987-88ರವರು ಬೇಕು: ಸರಾಸರಿ 35 ಪಾಯಿಂಟ್, ಜತೆಗೆ ಡಿಫೆನ್ಸಿವ್ ಪ್ಲೇಯರ್ ಪ್ರಶಸ್ತಿ. ಲೆಬ್ರಾನ್ 2012-13ರವರು ಬೇಕು, ಏಕೆಂದರೆ ಆ ವರ್ಷ ಅವರ ತ್ರೀ ಪಾಯಿಂಟರ್ 40 ಶೇಕಡಾ ದಾಟಿತ್ತು.

ಕಷ್ಟ ಇರುವುದು ಪಾಯಿಂಟ್ ಗಾರ್ಡ್‌ನಲ್ಲಿ, ಅಂದರೆ ಚೆಂಡು ಹಿಡಿದು ತಂಡದ ಆಟ ನಡೆಸುವವರ ಜಾಗದಲ್ಲಿ. ಮ್ಯಾಜಿಕ್ ಜಾನ್ಸನ್ ಅಂದರೆ ನನಗೆ ಪ್ರಾಣ. 1980ರ ಫೈನಲ್ಸ್‌ನ ಆರನೇ ಪಂದ್ಯಕ್ಕೆ ಕರೀಮ್ ಅಬ್ದುಲ್ ಜಬ್ಬಾರ್ ಗಾಯದಿಂದ ಬರಲಿಲ್ಲ. ಮೊದಲ ವರ್ಷದ ಹುಡುಗ ಮ್ಯಾಜಿಕ್ ಸೆಂಟರ್ ಜಾಗದಲ್ಲಿ ನಿಂತು 42 ಪಾಯಿಂಟ್, 15 ರೀಬೌಂಡ್ ಮಾಡಿ ಕಪ್ ಗೆಲ್ಲಿಸಿದರು. ಅಂಥವರನ್ನು ಹೊರಗಿಡಲು ಮನಸ್ಸು ಬರುವುದಿಲ್ಲ. ಆದರೆ ಈ ಐವರಲ್ಲಿ ಚೆಂಡು ಆಗಲೇ ಲೆಬ್ರಾನ್ ಕೈಯಲ್ಲಿ ಅರ್ಧ ಹೊತ್ತು, ಜೋರ್ಡನ್ ಕೈಯಲ್ಲಿ ಇನ್ನರ್ಧ ಹೊತ್ತು. ಚೆಂಡಿಲ್ಲದ ಮ್ಯಾಜಿಕ್ ಎದುರಾಳಿಗೆ ಅಷ್ಟು ಭಯವಲ್ಲ. ಚೆಂಡಿಲ್ಲದ ಸ್ಟೀಫನ್ ಕರಿ ಭಯ. ಸ್ಕ್ರೀನ್ (ಎದುರಾಳಿಗೆ ಅಡ್ಡ ನಿಂತ ಜತೆಗಾರ) ಸುತ್ತಿ ಓಡುವಾಗ ಇಬ್ಬರು ಡಿಫೆಂಡರ್‌ಗಳು ಅವರ ಹಿಂದೆಯೇ ಹೋಗುತ್ತಾರೆ, ಉಳಿದ ನಾಲ್ವರಿಗೆ ರಿಂಗ್ ಖಾಲಿ. 2015-16ರಲ್ಲಿ ಅವರು ಹಾಕಿದ ತ್ರೀ ಪಾಯಿಂಟರ್ 402. ದೊಡ್ಡವರ ಜತೆ ಹೊಂದುತ್ತಾರಾ ಅನ್ನುವುದಕ್ಕೂ ಸಾಕ್ಷಿ ಇದೆ. ಮುಂದಿನ ಸೀಸನ್‌ನಲ್ಲಿ ಕೆವಿನ್ ಡ್ಯುರಾಂಟ್ ತಂಡಕ್ಕೆ ಬಂದರು. ಪ್ರಶಸ್ತಿ ನಿರ್ಧರಿಸುವ ಪ್ಲೇಆಫ್ ಹಂತದಲ್ಲಿ ಕರಿಯವರ ತಂಡ ವಾರಿಯರ್ಸ್ 16 ಪಂದ್ಯ ಗೆದ್ದು ಒಂದೇ ಒಂದು ಸೋತರು. ಅದಕ್ಕೇ ಕರಿ.

ಐದು ಹೆಸರು ಆದಮೇಲೆ ಕೊನೆಯ ಎರಡು ನಿಮಿಷ ಊಹಿಸಿಕೊಳ್ಳಿ. ಎದುರಾಳಿ ಬೇಕಂತಲೇ ಫೌಲ್ ಮಾಡಿದರೆ ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ತಡೆಯದ ಶಾಟ್) ಯಾರು ಹಾಕುತ್ತಾರೆ? ಇಲ್ಲೇ ನನ್ನ ತಂಡದಿಂದ ಶಾಕ್ (ಶಕೀಲ್ ಓನೀಲ್) ಹೊರಗುಳಿದದ್ದು. ಬಲದಲ್ಲಿ ಅವರಿಗೆ ಸಾಟಿಯಿಲ್ಲ, ಆದರೆ ಅವರ ಫ್ರೀ ಥ್ರೋ 53 ಶೇಕಡಾದ ಆಸುಪಾಸು. ಕರಿ 90ರ ಮೇಲೆ.

ಆಮೇಲೆ ನಿಮ್ಮ ತಂಡದ ಎದುರಿಗೆ ಇನ್ನೊಂದು ತಂಡ ನಿಲ್ಲಿಸಿ. ನಾನು ಮ್ಯಾಜಿಕ್, ಕೋಬಿ, ಲ್ಯಾರಿ ಬರ್ಡ್, ಕೆವಿನ್ ಗಾರ್ನೆಟ್, ಕರೀಮ್ ಅವರನ್ನು ನಿಲ್ಲಿಸುತ್ತೇನೆ. ಕರೀಮ್‌ರ ಸ್ಕೈಹುಕ್ (ತಲೆಯ ಮೇಲಿಂದ ಒಂದೇ ಕೈಯಲ್ಲಿ ಹಾಕುವ ಶಾಟ್) ತಡೆಯುವವರು ಯಾರು? 1986ರಲ್ಲಿ ಹಕೀಮ್‌ರ ಹ್ಯೂಸ್ಟನ್ ತಂಡ ಲೇಕರ್ಸ್‌ಗೆ 4-1ರಿಂದ ಸೋಲುಣಿಸಿತ್ತು. ಆದರೆ ಆಗ ಕರೀಮ್‌ಗೆ 39 ವರ್ಷ, ಮೇಲಾಗಿ ಹಕೀಮ್ ಪಕ್ಕದಲ್ಲಿ 7 ಅಡಿ 4 ಇಂಚಿನ ರಾಲ್ಫ್ ಸ್ಯಾಂಪ್ಸನ್ ಇದ್ದರು. ಹರೆಯದ ಕರೀಮ್‌ಗೆ ಹಕೀಮ್ ಒಬ್ಬರೇ ಸಾಲರು. ನೆರವಿಗೆ ಯಾರಾದರೂ ತಮ್ಮ ಆಟಗಾರನನ್ನು ಬಿಟ್ಟು ಬರಲೇಬೇಕು, ಸರಿಯಾದ ಕ್ಷಣಕ್ಕೆ ಬರಬೇಕು, ಚೆಂಡು ಹೊರಗೆ ಹೋದ ಕೂಡಲೇ ವಾಪಸ್ ಓಡಬೇಕು. ನನ್ನ ತಂಡದಲ್ಲಿ ಆ ಕೆಲಸ ಡಂಕನ್‌ದು. ನಿಮ್ಮ ಪಟ್ಟಿಯಲ್ಲಿ ಅದಕ್ಕೆ ಯಾರ ಹೆಸರೂ ಹೊಳೆಯದಿದ್ದರೆ, ನಾಲ್ಕನೇ ಜಾಗ ಅಳಿಸಿ ಮತ್ತೆ ಶುರು ಮಾಡಿ.