25 ಮಿ.ಮೀ. ಅಗಲದ ಬೀದಿ: ಕಿರುಗೊಂಬೆಗಳಿಗೆ ನಗರದ ಪೀಠ ಮಾಡಿದ ಅನುಭವ

ಕಿರುಗೊಂಬೆಗಳಿಗೆ ಬಣ್ಣ ಹಚ್ಚುವ ಹವ್ಯಾಸಿಗಳಲ್ಲಿ ಬಹಳಷ್ಟು ಮಂದಿ ಸೈನಿಕರನ್ನೋ ರಾಜ, ರಾಕ್ಷಸರನ್ನೋ ಆರಿಸಿಕೊಳ್ಳುತ್ತಾರೆ. ಅವುಗಳ ಕಾಲಡಿಗೆ ಒಂದಿಷ್ಟು ಮರಳು ಮತ್ತು ಹುಲ್ಲಿನಂಥ ನಾರನ್ನು ಅಂಟಿಸಿದರೆ ಪೀಠದ ಕೆಲಸ ಮುಗಿಯುತ್ತದೆ. ನಾನೂ ಹಲವು ವರ್ಷ ಹೀಗೆಯೇ ಮಾಡಿಕೊಂಡು ಬಂದಿದ್ದೆ. ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದ ಯುವಕ, ಚೀಲ ಹೊತ್ತ ಹೆಂಗಸು, ಪೊಲೀಸ್ ಪೇದೆ, ಹೀಗೆ ಇಂದಿನ ನಗರದ ಜನರ ಎಂಟು ಗೊಂಬೆಗಳನ್ನು, 28 ಮಿ.ಮೀ. ಅಳತೆಯವನ್ನು, ತರಿಸಿಕೊಂಡಾಗ ಮಾತ್ರ ಆ ಅಭ್ಯಾಸ ನೆರವಿಗೆ ಬರಲಿಲ್ಲ.

ತೊಂದರೆ ಇದ್ದದ್ದು ಪಾದದಡಿಯಲ್ಲಿ. ತವರದ ಮಿಶ್ರಲೋಹದಲ್ಲಿ ಎರಕ ಹೊಯ್ದ ಇಂಥ ಗೊಂಬೆಗಳ ಎರಡೂ ಪಾದಗಳನ್ನು ಸೇರಿಸಿಕೊಂಡು ಹುಣಸೆಬೀಜದಷ್ಟು ಅಗಲದ, ಸುಮಾರು 1.5 ಮಿ.ಮೀ. ದಪ್ಪದ ಚಕ್ಕೆಯೊಂದು ಇರುತ್ತದೆ. ಹೊಲದಲ್ಲಿ ನಿಂತ ಸೈನಿಕನಾದರೆ ಅದರ ಸುತ್ತ ಮಣ್ಣು ಏರಿಸಿ ಮರೆಮಾಡಬಹುದು. ಸಮತಟ್ಟಾದ ಡಾಂಬರು ರಸ್ತೆಯ ಮೇಲೆ ಅದೇ ಚಕ್ಕೆ ಎದ್ದು ಕಾಣುತ್ತದೆ. ನನ್ನ ಮೊದಲ ಪೇದೆಯಂತೂ ನಡುಬೀದಿಯಲ್ಲಿ ಮಣೆ ಹಾಕಿ ನಿಲ್ಲಿಸಿದ ಮದುಮಗನ ಹಾಗೆ ಕಾಣುತ್ತಿದ್ದ. ಚಕ್ಕೆಯನ್ನು ಕತ್ತರಿಸಿ ತೆಗೆದು, ಹಿಮ್ಮಡಿಗೆ ಕೈಡ್ರಿಲ್ಲಿನಿಂದ ರಂಧ್ರ ಕೊರೆದು, ಪೇಪರ್ ಕ್ಲಿಪ್ಪಿನ ತಂತಿಯ ತುಂಡನ್ನು ಸಿಕ್ಕಿಸಿ ನಿಲ್ಲಿಸುವುದು ಬಲ್ಲವರು ಹೇಳುವ ದಾರಿ. ನಾನು ಅದನ್ನು ಎರಡು ಗೊಂಬೆಗಳ ಮೇಲೆ ಪ್ರಯೋಗಿಸಿದೆ. ಒಂದು ಸರಿಯಾಗಿ ನಿಂತಿತು. ಇನ್ನೊಂದರ ಕಣಕಾಲು ಇಕ್ಕಳದ ಒತ್ತಡಕ್ಕೆ ಮುರಿದುಹೋಯಿತು.

ಬೇರೆ ಉಪಾಯ ಹೊಳೆದದ್ದು ಅಳತೆಪಟ್ಟಿ ಹಿಡಿದು ಬೆಂಗಳೂರಿನ ನಮ್ಮ ಬೀದಿಗೆ ಇಳಿದ ಮೇಲೆ. 28 ಮಿ.ಮೀ. ಗೊಂಬೆಗಳನ್ನು ಸುಮಾರು 1:56 ಪ್ರಮಾಣದವೆಂದು ಲೆಕ್ಕ ಹಿಡಿಯಬಹುದು. ಆ ಲೆಕ್ಕದಲ್ಲಿ 25 ಮಿ.ಮೀ. ವ್ಯಾಸದ ದುಂಡು ಪೀಠವೆಂದರೆ ನಿಜದಲ್ಲಿ 1.4 ಮೀಟರ್ ಜಾಗ. ಅಲ್ಲಿ ಬೀದಿಯನ್ನು ತೋರಿಸುವ ಮಾತೇ ಇಲ್ಲ, ಬೀದಿಯ ಒಂದು ಅಂಚನ್ನು ತೋರಿಸಿದರೆ ಹೆಚ್ಚು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಫುಟ್‌ಪಾತಿನ ಎತ್ತರ 150 ಮಿ.ಮೀ. ಮೀರಬಾರದು; ನಮ್ಮ ಪ್ರಮಾಣಕ್ಕೆ ಇಳಿಸಿದರೆ ಅದು 2.7 ಮಿ.ಮೀ. ಆಗುತ್ತದೆ. ನನಗೆ ಬೇಕಾಗಿದ್ದದ್ದೂ ಇದೇ. ಪೀಠದ ಒಂದು ಪಾಲನ್ನು ರಸ್ತೆಯಾಗಿ ತಗ್ಗಿನಲ್ಲಿ ಬಿಟ್ಟು, ಗೊಂಬೆಯನ್ನು ಎತ್ತರದ ಫುಟ್‌ಪಾತಿನ ಮೇಲೆ ನಿಲ್ಲಿಸಿದರೆ ಕಾಲಡಿಯ ಚಕ್ಕೆ ಆ ಎತ್ತರದಲ್ಲೇ ಹೂತುಹೋಗುತ್ತದೆ. ನಮ್ಮ ಮನೆಯೆದುರಿನ ಫುಟ್‌ಪಾತು 28 ಸೆಂ.ಮೀ. ಎತ್ತರವಿದೆ ಎಂಬುದೂ ಆಗ ತಿಳಿಯಿತು. ಅಜ್ಜಿಯಂದಿರು ಅದನ್ನು ಹತ್ತುವಾಗ ಗೋಡೆ ಹಿಡಿಯುವುದೇಕೆ ಎಂಬುದು ಅರ್ಥವಾಯಿತು. ಅಷ್ಟೇ ಎತ್ತರವನ್ನು, ಅಂದರೆ 5 ಮಿ.ಮೀ., ಪೀಠದಲ್ಲಿ ಮಾಡಿ ನೋಡಿದರೆ ಗೊಂಬೆ ನಾಟಕದ ರಂಗದ ಮೇಲೆ ನಿಂತಂತೆ ಕಂಡದ್ದರಿಂದ ಕೊನೆಗೆ 4 ಮಿ.ಮೀ.ಗೆ ರಾಜಿಯಾದೆ.

ಕೆಲಸದ ಕ್ರಮ ಹೀಗಿದೆ. ಎಂಡಿಎಫ್ ಹಲಗೆಯ 2 ಮಿ.ಮೀ. ದಪ್ಪದ ಬಿಲ್ಲೆಯ ಮೇಲೆ, ಫುಟ್‌ಪಾತು ಬರುವ ಭಾಗಕ್ಕೆ ಮಾತ್ರ, 2.5 ಮಿ.ಮೀ. ದಪ್ಪದ ರಟ್ಟನ್ನು ಅಂಟಿಸಿ, ಅದರ ಮೇಲೆ ಗೊಂಬೆಯನ್ನು ಚಕ್ಕೆಸಮೇತ ಕೂರಿಸುತ್ತೇನೆ. ಬಿಲ್ಲೆಯ ಎರಡೂ ಮುಖಗಳಿಗೆ ಮೊದಲೇ ವಾರ್ನಿಷ್ ಬಳಿದಿರಬೇಕು. ಇದನ್ನು ಕಲಿಯಲು ನಾನು ತೆತ್ತದ್ದು ಆರು ಬಿಲ್ಲೆಗಳನ್ನು: ನೀರು ಬೆರೆಸಿದ ಅಂಟನ್ನು ಒಂದೇ ಮುಖಕ್ಕೆ ಬಳಿದು ರಾತ್ರಿ ಬಿಟ್ಟಿದ್ದೆ, ಬೆಳಗಾಗುವಷ್ಟರಲ್ಲಿ ಆರೂ ಹಪ್ಪಳದಂತೆ ಡೊಂಕಾಗಿದ್ದವು. ಗೊಂಬೆ ಕೂತ ಮೇಲೆ ಎಂ-ಸೀಲಿನ ಎರಡು ಪಾಲುಗಳನ್ನು ಸಮನಾಗಿ ನಾದಿ, ಚಕ್ಕೆಯ ಸುತ್ತ ತುಂಬಿ, ಒದ್ದೆ ಚಾಕುವಿನ ಬೆನ್ನಿನಿಂದ ಚಕ್ಕೆಯ ಮಟ್ಟಕ್ಕೆ ಸವರುತ್ತೇನೆ. ಅದು ಮೆತ್ತಗಿರುವಾಗಲೇ ಒರಟು ಗ್ರಾನೈಟಿನ ಒಂದು ಚೂರನ್ನು ಅಲ್ಲಲ್ಲಿ ಮೃದುವಾಗಿ ಒತ್ತಿದರೆ ಉಳಿಯ ಪೆಟ್ಟು ಬಿದ್ದ ಚಪ್ಪಡಿಯ ಮೈ ತಾನಾಗಿ ಮೂಡುತ್ತದೆ.

ಇನ್ನು ಸಂದುಗಳು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಚರಂಡಿಯ ಮೇಲೆ ಹಾಸಿದ ಕಲ್ಲು ಚಪ್ಪಡಿಯೇ ಫುಟ್‌ಪಾತು. ನಾನು ಅಳೆದವು ಹೆಚ್ಚುಕಡಿಮೆ ಎರಡಡಿ ಅಗಲ, ಮೂರಡಿ ಉದ್ದದವು. ಗೊಂಬೆಯ ಅಳತೆಯಲ್ಲಿ ಅದು 11ಕ್ಕೆ 16 ಮಿ.ಮೀ. ಆಗುತ್ತದೆ, ಎಂದರೆ ಒಂದು ಪೀಠದಲ್ಲಿ ಎರಡು ಸಂದು ಬಂದರೆ ಸಾಕು. ಹೊಸಬರು ಇಲ್ಲಿ ಸಣ್ಣ ಸಣ್ಣ ಚೌಕಗಳನ್ನು ಗೀಚಿ ಫುಟ್‌ಪಾತನ್ನು ಬಚ್ಚಲುಮನೆಯ ನೆಲ ಮಾಡಿಬಿಡುತ್ತಾರೆ. ಸಂದು ಗೊಂಬೆಯ ಚಕ್ಕೆಯನ್ನು ಬಳಸಿಕೊಂಡು ಹೋಗದೆ ಅದರ ಮೇಲೆಯೇ ಹಾದುಹೋಗಬೇಕು ಎನ್ನುವುದು ಈ ಇಡೀ ಕೆಲಸದಲ್ಲಿ ನಾನು ಅತ್ಯಂತ ಮುಖ್ಯವೆಂದು ಎಣಿಸುವ ಅಂಶ. ಎಂ-ಸೀಲು ಬಿಗಿಯುವ ಮುನ್ನ ಅದರಲ್ಲಿ ಸೂಜಿಯಿಂದ ಗೆರೆ ಎಳೆದು, ಮರುದಿನ ಅದೇ ಗೆರೆಯನ್ನು ಮೂರುಮೂಲೆಯ ಸಣ್ಣ ಅರದಿಂದ ಲೋಹದ ಮೇಲೂ ಮುಂದುವರಿಸಿ, ಎರಡು ಪಾದಗಳ ನಡುವೆ ಹಾಯಿಸುತ್ತೇನೆ. ಆ ಜಾಗದಲ್ಲಿ ಅರ ಒಮ್ಮೆಗೆ ಹೆಚ್ಚೆಂದರೆ ಅರ್ಧ ಸೆಂಟಿಮೀಟರ್ ಆಡುತ್ತದೆ, ಪ್ಯಾಂಟಿನ ಅಂಚಿಗೆ ತಾಗದಂತೆ ಉಸಿರು ಬಿಗಿಹಿಡಿದು ಉಜ್ಜಬೇಕಾಗುತ್ತದೆ. ಬಣ್ಣ ಬಿದ್ದ ಮೇಲೆ ಲೋಹ ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಆರಂಭವಾಯಿತು ಎಂಬುದು ನನಗೇ ಕಾಣುವುದಿಲ್ಲ.

ರಸ್ತೆಯ ಭಾಗಕ್ಕೆ 120ನೇ ನಂಬರಿನ ಸ್ಯಾಂಡ್‌ಪೇಪರನ್ನು ಅಂಟಿಸುತ್ತೇನೆ. ಅದರ ಕಾಳು ಸುಮಾರು 0.12 ಮಿ.ಮೀ. ಇರುವುದರಿಂದ ಗೊಂಬೆಯ ಲೋಕದಲ್ಲಿ 7 ಮಿ.ಮೀ. ಜಲ್ಲಿಯಾಗಿ ಕಾಣುತ್ತದೆ, ಮೊದಲು ಬಳಸಿದ ರಂಗೋಲಿ ಪುಡಿ ದಪ್ಪವಾಗಿ, ಡಾಂಬರು ಕಿತ್ತುಹೋದ ರಸ್ತೆಯಂತೆ ಕಂಡಿತ್ತು. ಡಾಂಬರಿಗೆ ಕಪ್ಪು ಬಣ್ಣ ಬಳಿಯುವುದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದೆ. ಹೊಸದಾಗಿ ಹಾಕಿದ ಒಂದೆರಡು ತಿಂಗಳು ಬಿಟ್ಟರೆ ರಸ್ತೆ ಕಪ್ಪಾಗಿರುವುದಿಲ್ಲ. ಚಕ್ರಗಳ ಉಜ್ಜಾಟಕ್ಕೆ ಮೇಲಿನ ಡಾಂಬರು ಸವೆದು, ಒಳಗಿನ ಬೂದು ಕಲ್ಲು ಹೊರಗೆ ಬರುತ್ತದೆ. ಆದ್ದರಿಂದ ಮೊದಲು ಗಾಢ ಬೂದು, ಅದರ ಮೇಲೆ ಹೆಚ್ಚುಕಡಿಮೆ ಒಣಗಿದ ಕುಂಚದಿಂದ ತಿಳಿ ಬೂದು ತೀಡುತ್ತೇನೆ. ಅಂಚುಗಲ್ಲಿನ ಬುಡದಲ್ಲಿ ನಮ್ಮ ಊರಿನ ಕೆಂಪು ಧೂಳು ಸೇರಿರಲೇಬೇಕು. ನಿಜವಾದ ಕೆಮ್ಮಣ್ಣನ್ನೇ ತೆಳು ಬಟ್ಟೆಯಲ್ಲಿ ಸೋಸಿ ಉದುರಿಸಿ, ಅಂಟುನೀರು ಹಾಕಿದಾಗ ಅದು ಕಂದಾಗಿ ಎಲೆಯಡಿಕೆ ಉಗುಳಿದ ಕಲೆಯಂತಾಯಿತು. ನಗರಕ್ಕೆ ಅದೂ ಒಪ್ಪುತ್ತದೆ, ಆದರೆ ಎಂಟು ಪೀಠಗಳಲ್ಲೂ ಬೇಡವೆನಿಸಿ ಕೆಂಗಂದು ಬಣ್ಣವನ್ನು ನೀರಾಗಿ ಕಲಸಿ ಬಳಿಯುವುದಕ್ಕೆ ಮರಳಿದೆ.

ಮ್ಯಾನ್‌ಹೋಲ್ ಮುಚ್ಚಳಕ್ಕೆ ಅಂಗಿಯ ಗುಂಡಿಯೇ ಸಾಕು. ಎರಡಡಿ ವ್ಯಾಸದ ಮುಚ್ಚಳ ಈ ಪ್ರಮಾಣದಲ್ಲಿ 11 ಮಿ.ಮೀ. ಆಗುತ್ತದೆ, ಸಾಮಾನ್ಯ ಗುಂಡಿಯೂ ಹೆಚ್ಚುಕಡಿಮೆ ಅಷ್ಟೇ. ನಾಲ್ಕು ತೂತುಗಳನ್ನು ಎಂ-ಸೀಲಿನಿಂದ ತುಂಬಿ, ಅದರ ಮೇಲೆ ಹಿಟ್ಟಿನ ಜರಡಿಯ ಬಲೆಯನ್ನು ಒತ್ತಿದರೆ ಎರಕದ ಕಬ್ಬಿಣದ ಚೌಕುಳಿ ಬರುತ್ತದೆ. ಗುಂಡಿಯ ಏರಿದ ಅಂಚು ಮುಚ್ಚಳದ ಬಳೆಯಾಗಿ ಒದಗುತ್ತದೆ. ಜೀಬ್ರಾ ಪಟ್ಟೆಯನ್ನು ಮಾತ್ರ ಕೈಬಿಟ್ಟೆ. ಅರ್ಧ ಮೀಟರ್ ಅಗಲದ ಪಟ್ಟೆ ಇಲ್ಲಿ 9 ಮಿ.ಮೀ. ಆಗಿ, ಇಷ್ಟು ಸಣ್ಣ ಪೀಠದಲ್ಲಿ ಒಂದೂವರೆ ಪಟ್ಟೆಯಷ್ಟೇ ಹಿಡಿಸಿ, ಸುಣ್ಣ ಚೆಲ್ಲಿದಂತೆ ಕಾಣುತ್ತದೆ. ಮೂರು ಗೊಂಬೆಗಳನ್ನು ಒಟ್ಟಿಗೆ ನಿಲ್ಲಿಸುವ 60 ಮಿ.ಮೀ. ಪೀಠವಾದರೆ ಅದು ಚೆನ್ನ. ಸಿಗರೇಟಿನ ತುಂಡು, ಹರಿದ ಪತ್ರಿಕೆ ಮುಂತಾದ ಕಸವನ್ನು ಪೀಠದ ತುಂಬ ಹರಡುವ ರೂಢಿಯೂ ನನಗೆ ಹಿಡಿಸುವುದಿಲ್ಲ. ಕಣ್ಣು ಗೊಂಬೆಯ ಮುಖ ಬಿಟ್ಟು ಕಸದ ಮೇಲೆ ನಿಲ್ಲುತ್ತದೆ.

ಕಡೆಯದು ಚೀಲ ಹೊತ್ತ ಹೆಂಗಸು. ಅವಳು ಹೆಜ್ಜೆ ಎತ್ತಿದ ಭಂಗಿಯಲ್ಲಿದ್ದುದರಿಂದ, ಚಕ್ಕೆಯನ್ನು ಪೂರ್ತಿ ಕತ್ತರಿಸಿ, ಫುಟ್‌ಪಾತಿನಿಂದ ರಸ್ತೆಗೆ ಇಳಿಯುತ್ತಿರುವಂತೆ ನಿಲ್ಲಿಸಬೇಕೆಂದು ಹೊರಟೆ. ಈ ಸಲ ಕಣಕಾಲು ಮುರಿಯಲಿಲ್ಲ, ಆದರೆ 4 ಮಿ.ಮೀ. ಎತ್ತರ ಅವಳ ಹೆಜ್ಜೆಗೆ ಹೆಚ್ಚಾಗಿ ಎಡಗಾಲು ಡಾಂಬರನ್ನು ಮುಟ್ಟದೆ ಉಳಿಯಿತು. ಕಾಲನ್ನು ಬಗ್ಗಿಸುವ ಧೈರ್ಯ ಬರಲಿಲ್ಲ. ನಮ್ಮ ಬೀದಿಯಲ್ಲಿ ಆಗ ಹೊಂಗೆಯ ಹೂ ಉದುರುವ ಕಾಲ; ಒಂದೊಂದು ಹೂವೂ ಒಂದೂವರೆ ಸೆಂಟಿಮೀಟರಿನಷ್ಟಿರುವುದರಿಂದ ಗೊಂಬೆಯ ಅಳತೆಗೆ ಅದು ರಂಗೋಲಿ ಪುಡಿಯ ಒಂದು ಕಾಳು. ಡಬ್ಬಿಯಲ್ಲಿ ಉಳಿದಿದ್ದ ಪುಡಿಗೆ ತಿಳಿ ನೇರಳೆ ಬಣ್ಣ ಕಲಸಿ, ಅಂಚುಗಲ್ಲಿನ ಬುಡಕ್ಕೆ ಗುಡಿಸಿಟ್ಟ ಹೂವಿನ ರಾಶಿಯಂತೆ ಅಂಟಿಸಿ, ಅವಳ ಎಡಗಾಲನ್ನು ಅದರ ಮೇಲೆ ಊರಿಸಿದ್ದೇನೆ.