ವಿಂಡೋಸ್‌ನ ಡಿ ಡ್ರೈವ್ ಲಿನಕ್ಸ್‌ನಲ್ಲಿ ತೆರೆದದ್ದು: ನನ್ನ ಅನುಭವ

ನಮ್ಮ ಸೋದರತ್ತೆ ಇರುವುದು ಬೆಂಗಳೂರಿನ ಹನುಮಂತನಗರದಲ್ಲಿ. ಊರಿಗೆ ಹೋದಾಗಲೆಲ್ಲ ಅಲ್ಲಿನ ಹೆಂಗಸರ ಕೈಲಿ ಸೋಬಾನೆ ಪದ, ಬೀಸುವ ಪದ ಹಾಡಿಸಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಬರುತ್ತಾರೆ. ಹತ್ತು ವರ್ಷದಲ್ಲಿ 412 ಫೈಲ್ ಆಗಿವೆ. ಹಾಡಿದವರಲ್ಲಿ ಕೆಲವರು ಈಗ ಇಲ್ಲ. ಅಷ್ಟೂ ಹಾಡು ಅತ್ತೆಯ ಹಳೆಯ ಲ್ಯಾಪ್‌ಟಾಪ್‌ನ ಡಿ ಡ್ರೈವ್‌ನಲ್ಲಿದ್ದವು, ಬೇರೆಲ್ಲೂ ಕಾಪಿ ಇರಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತಿತು. ಅತ್ತೆಯ ಲ್ಯಾಪ್‌ಟಾಪ್‌ನ ಪ್ರೊಸೆಸರ್ ಹಳೆಯದು, ವಿಂಡೋಸ್ 11 ಹಾಕಲು ಬರುವುದಿಲ್ಲ. ಮಷಿನ್ ಮಾತ್ರ ಗಟ್ಟಿಮುಟ್ಟಾಗಿದೆ, ಸುಮ್ನೆ ಯಾಕೆ ಬಿಸಾಕಬೇಕು? ಎಸ್.ಪಿ. ರೋಡ್‌ನಿಂದ ಒಂದು ಎಸ್‌ಎಸ್‌ಡಿ ತಂದು ಅದಕ್ಕೆ ಉಬುಂಟು ಅನ್ನುವ ಲಿನಕ್ಸ್ ಹಾಕಿದೆ. ಹಳೆಯ ಹಾರ್ಡ್‌ಡಿಸ್ಕನ್ನು ವಿಂಡೋಸ್ ಸಮೇತ ಒಳಗೇ ಬಿಟ್ಟೆ. ಹಾಡುಗಳನ್ನು ಈ ಕಡೆಗೆ ಕಾಪಿ ಮಾಡಿಕೊಂಡರೆ ಕೆಲಸ ಮುಗೀತು ಅಂದುಕೊಂಡಿದ್ದೆ.

ಡ್ರೈವ್ ಮೇಲೆ ಕ್ಲಿಕ್ ಮಾಡಿದರೆ ತೆರೆಯಲೇ ಇಲ್ಲ. ಸೂಪರ್‌ಬ್ಲಾಕ್ ಸರಿಯಿಲ್ಲ ಅಂತ ಏನೋ ಒಂದು ಮೆಸೇಜ್ ಬಂತು. ಪಕ್ಕದಲ್ಲೇ ಕೂತಿದ್ದ ಅತ್ತೆ, "ಹಾಡು ಹೋಗಿಲ್ಲ ತಾನೇ ಕಣೋ?" ಅಂದರು.

"ಇಲ್ಲ ಅತ್ತೆ, ಒಳಗೇ ಇವೆ" ಅಂದೆ. ಎದೆ ಮಾತ್ರ ಡವಡವ ಅಂತಿತ್ತು.

ಟರ್ಮಿನಲ್ ತೆರೆದು 'ಎಲ್‌ಎಸ್‌ಬಿಎಲ್‌ಕೆ' ಕಮ್ಯಾಂಡನ್ನು ಹೈಫನ್-ಎಫ್ ಸೇರಿಸಿ ಕೊಟ್ಟೆ. ಯಾವ ಡಿಸ್ಕ್‌ನಲ್ಲಿ ಯಾವ ಪಾರ್ಟಿಷನ್ ಇದೆ, ಅದರ ಫೈಲ್ ಸಿಸ್ಟಮ್ ಯಾವುದು, ಅದರ ಗುರುತಿನ ಸಂಖ್ಯೆ, ಅಂದರೆ ಯುಯುಐಡಿ, ಎಷ್ಟು ಅಂತ ಇದು ತೋರಿಸುತ್ತದೆ. ಡಿ ಡ್ರೈವ್ ಇತ್ತು, ಎದುರಿಗೆ ವಿಂಡೋಸ್‌ನ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್ ಅಂತಲೂ ಇತ್ತು. ಅರ್ಧ ಭಯ ಅಲ್ಲೇ ಇಳಿಯಿತು. ಆಮೇಲೆ ಎನ್‌ಟಿಎಫ್‌ಎಸ್-3ಜಿ ಡ್ರೈವರ್ ಹೆಸರು ಹೇಳಿ ನಾನೇ ಮೌಂಟ್ ಮಾಡಿದೆ, ಅಂದರೆ ಡ್ರೈವನ್ನು ಸಿಸ್ಟಮ್‌ಗೆ ಜೋಡಿಸಿ ತೆರೆದೆ. ಆಗ ನಿಜವಾದ ಕಾರಣ ಗೊತ್ತಾಯಿತು: ಡಿಸ್ಕ್‌ನ ಮೆಟಾಡೇಟಾ (ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕ) ಇನ್ನೂ ವಿಂಡೋಸ್‌ನ ಕ್ಯಾಶ್‌ನಲ್ಲಿದೆ, ವಿಂಡೋಸನ್ನು ಪೂರ್ತಿ ಶಟ್‌ಡೌನ್ ಮಾಡಿ ಬನ್ನಿ. ಅಲ್ಲಿಯವರೆಗೆ ಓದಲು ಮಾತ್ರ ಕೊಡುತ್ತೇನೆ ಅಂತ ಡ್ರೈವರ್ ಹೇಳಿತು.

ಅತ್ತೆ ಶಟ್‌ಡೌನ್ ಮಾಡಿಯೇ ಇದ್ದರು. ಆದರೆ 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟ್‌ಅಪ್ ಅಂತ ಒಂದು ಸೌಲಭ್ಯ ಬಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಆರುವುದಿಲ್ಲ. ನಮ್ಮ ಪ್ರೋಗ್ರಾಮ್‌ಗಳನ್ನು ಮುಚ್ಚಿ, ವಿಂಡೋಸ್‌ನ ತಿರುಳಾದ ಕರ್ನೆಲ್ ಇದ್ದ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ. ಮತ್ತೆ ಆನ್ ಮಾಡಿದಾಗ ಅದನ್ನೇ ಎತ್ತಿಕೊಂಡು ಬೇಗ ಏಳುತ್ತದೆ. ಡಿ ಡ್ರೈವ್‌ನಲ್ಲಿ ಏನಿದೆ, ಎಲ್ಲಿದೆ ಅನ್ನುವ ಲೆಕ್ಕವೂ ಆ ನೆನಪಿನಲ್ಲೇ ಉಳಿದಿರುತ್ತದೆ. ನಡುವೆ ನಾವು ಲಿನಕ್ಸ್‌ನಿಂದ ಏನಾದರೂ ಬರೆದರೆ, ವಿಂಡೋಸ್ ಎದ್ದು ತನ್ನ ಹಳೇ ಲೆಕ್ಕದ ಪ್ರಕಾರ ಅದರ ಮೇಲೆಯೇ ಬರೆಯಬಹುದು. ಫೈಲ್‌ಗಳು ಹಾಳಾಗುವುದು ಹೀಗೆ.

ಇಂಥ ಹೊತ್ತಲ್ಲಿ ಬಹಳ ಜನ ಮೊದಲು ಹೇಳುವುದು 'ಎನ್‌ಟಿಎಫ್‌ಎಸ್‌ಫಿಕ್ಸ್' ಕಮ್ಯಾಂಡ್, ಇಲ್ಲವೇ ಮೌಂಟ್ ಮಾಡುವಾಗ ಆ ಸ್ಥಿತಿ ಬರೆದಿಟ್ಟಿರುವ ಹೈಬರ್‌ನೇಷನ್ ಫೈಲನ್ನೇ ಅಳಿಸಿಬಿಡುವ ಆಪ್ಷನ್. ನಾನು ಎರಡನ್ನೂ ಮುಟ್ಟಲಿಲ್ಲ. ಮೊದಲನೆಯದು ಸಣ್ಣಪುಟ್ಟ ದೋಷ ಸರಿಮಾಡುತ್ತದೆ ಅಷ್ಟೇ, ವಿಂಡೋಸ್‌ನ ಚೆಕ್‌ಡಿಸ್ಕ್‌ನ ಹಾಗೆ ಪೂರ್ತಿ ಪರೀಕ್ಷೆ ಮಾಡುವುದಿಲ್ಲ. ಎರಡನೆಯದರಲ್ಲಿ ವಿಂಡೋಸ್ ಉಳಿಸಿಟ್ಟಿದ್ದ ಸ್ಥಿತಿ ಹೊರಟೇ ಹೋಗುತ್ತದೆ. ವಿಂಡೋಸ್ ಇನ್ನೂ ಚೆನ್ನಾಗಿ ಬೂಟ್ ಆಗುತ್ತಿರುವಾಗ ಬಲವಂತ ಯಾಕೆ? ಬೇರೆ ಕಾಪಿ ಇಲ್ಲದ ಡಿಸ್ಕ್ ಮೇಲೆ ಪ್ರಯೋಗ ಮಾಡಲೇಬಾರದು.

ವಿಂಡೋಸ್‌ಗೆ ಹೋಗಿ, ಕಮ್ಯಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ಪವರ್‌ಸಿಎಫ್‌ಜಿ /ಎಚ್ ಆಫ್' ಕೊಟ್ಟೆ. ಹೈಬರ್‌ನೇಷನ್ ನಿಂತಿತು, ಅದರ ಜೊತೆ ಫಾಸ್ಟ್ ಸ್ಟಾರ್ಟ್‌ಅಪ್ ಕೂಡ. ಒಂದೇ ಸಲಕ್ಕೆ ಸಾಕು ಅನ್ನುವವರು ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿದರೂ ಆಗುತ್ತದೆ. ರೀಸ್ಟಾರ್ಟ್‌ಗೆ ಈ ತೊಂದರೆ ಇಲ್ಲ, ಅದು ಯಾವಾಗಲೂ ಪೂರ್ತಿ ಆರಿಯೇ ಏಳುತ್ತದೆ. ಡಿ ಡ್ರೈವ್‌ಗೆ ಒಂದು ಚೆಕ್‌ಡಿಸ್ಕ್ ಕೂಡ ಓಡಿಸಿಬಿಟ್ಟೆ. ಬಿಟ್‌ಲಾಕರ್ (ಡ್ರೈವ್‌ಗೆ ವಿಂಡೋಸ್ ಹಾಕುವ ಬೀಗ) ಹಾಕಿರುವ ಡ್ರೈವ್ ಆದರೆ 48 ಅಂಕಿಯ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಅತ್ತೆಯದಕ್ಕೆ ಹಾಕಿರಲಿಲ್ಲ.

ಉಬುಂಟುಗೆ ವಾಪಸ್ ಬಂದರೆ ಡ್ರೈವ್ ತಕರಾರಿಲ್ಲದೆ ತೆರೆಯಿತು. ಆದರೂ ಓದಲು ಮಾತ್ರ ಅನ್ನುವ 'ಆರ್‌ಒ' ಆಪ್ಷನ್ ಹಾಕಿಯೇ ಮೌಂಟ್ ಮಾಡಿದೆ. ಆಮೇಲೆ ಬೂಟ್ ಆಗುವಾಗ ಯಾವ ಡ್ರೈವ್ ಮೌಂಟ್ ಆಗಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ಗೂ ಒಂದು ಸಾಲು ಸೇರಿಸಿದೆ. ಅದರಲ್ಲಿ ಲಿನಕ್ಸ್ ಡಿಸ್ಕ್‌ಗಳಿಗೆ ಇಡುವ ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರು ಕೊಡಲಿಲ್ಲ, ಡಿಸ್ಕ್ ಎರಡಿದ್ದರೆ ಅವು ಅದಲುಬದಲು ಆಗಬಹುದು. ಯುಯುಐಡಿ ಕೊಟ್ಟೆ. 'ನೋಫೇಲ್' ಅನ್ನುವ ಆಪ್ಷನ್ ಮರೆಯಬೇಡಿ. ಅದಿಲ್ಲದಿದ್ದರೆ ಡ್ರೈವ್ ಮೌಂಟ್ ಆಗದ ದಿನ ಬೂಟೇ ಅರ್ಧಕ್ಕೆ ನಿಂತು ಎಮರ್ಜೆನ್ಸಿ ಮೋಡ್‌ಗೆ ಹೋಗುತ್ತದೆ. ಅತ್ತೆ ಒಬ್ಬರೇ ಇದ್ದಾಗ ಹಾಗಾದರೆ ಅವರೇನು ಮಾಡಬೇಕು?

ಕಾಪಿಗೆ ಹಾಕಿದೆ. ಒಂಬತ್ತು ಫೈಲ್ ಮಾತ್ರ ಬರಲಿಲ್ಲ, 'ಹೆಸರು ತೀರಾ ಉದ್ದ' ಅನ್ನುವ ಎರರ್. ಇದು ನಾನು ಎಣಿಸದೇ ಇದ್ದ ತೊಂದರೆ. ಕನ್ನಡದಲ್ಲಿ ಫೈಲ್ ಹೆಸರು ಇಡುವವರು ಇದನ್ನು ತಿಳಿದಿರಬೇಕು. ಎನ್‌ಟಿಎಫ್‌ಎಸ್‌ನಲ್ಲಿ ಒಂದು ಹೆಸರಿಗೆ 255 ಯುಟಿಎಫ್-16 ಘಟಕ ಹಿಡಿಸುತ್ತವೆ, ಕನ್ನಡದ ಒಂದು ಚಿಹ್ನೆಗೆ ಒಂದು ಘಟಕ. ಉಬುಂಟುವಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲಿ ಮಿತಿ 255 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಹಾಗಾಗಿ ಇಂಗ್ಲಿಷ್‌ನಲ್ಲಿ ಹೆಸರಿಡುವವರಿಗೆ ವ್ಯತ್ಯಾಸವೇ ಗೊತ್ತಾಗದು. ಕನ್ನಡದ ಪ್ರತಿ ಚಿಹ್ನೆಗೂ ಉಬುಂಟು ಬಳಸುವ ಯುಟಿಎಫ್-8 ಸಂಕೇತದಲ್ಲಿ ಮೂರು ಬೈಟ್ ಬೇಕು, ಅಂದರೆ 85 ಚಿಹ್ನೆಗೆ ಜಾಗ ಖಾಲಿ. ಅದರಲ್ಲೂ ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ, ಅಲ್ವಾ? ಡಿಸ್ಕ್‌ಗೆ ಅದು ಸ, ಹಲಂತ, ತ, ಹಲಂತ, ರ, ಈಕಾರ. ಆರು ಚಿಹ್ನೆ, 18 ಬೈಟ್.

ಅತ್ತೆ ಹಾಡಿನ ಮೊದಲ ಸಾಲು, ಹಾಡಿದವರ ಹೆಸರು, ಊರು, ದಿನ ಎಲ್ಲವನ್ನೂ ಫೈಲ್ ಹೆಸರಿನಲ್ಲೇ ಬರೆದಿದ್ದರು. ಆ ಒಂಬತ್ತರ ಹೆಸರು ಕಡಿಮೆ ಮಾಡಲು ಮತ್ತೆ ವಿಂಡೋಸ್‌ಗೆ ಹೋದೆವು. ಮೊದಲು ಪೂರ್ತಿ ಹೆಸರುಗಳನ್ನು ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿಟ್ಟೆ, ಒಳಗೆ ಬರೆಯುವುದಕ್ಕೆ ಈ ಮಿತಿ ಇಲ್ಲ. ನಾನು ಕೊನೆಯಿಂದ ಅಳಿಸುತ್ತಾ ಬಂದೆ. ಅತ್ತೆ ಕೈ ಹಿಡಿದರು.

"ಹಾಡಿನ ಸಾಲು ಬೇಕಾದರೆ ಕಡಿಮೆ ಮಾಡು. ಹಾಡಿದವರ ಹೆಸರು ಮುಟ್ಟಬೇಡ ಕಣೋ."

ಹಾಗೇ ಮಾಡಿದೆ. ವಾಪಸ್ ಬಂದು ಉಳಿದ ಒಂಬತ್ತನ್ನೂ ಕಾಪಿ ಮಾಡಿ, 'ಡಿಫ್' ಕಮ್ಯಾಂಡ್‌ನಿಂದ ಎರಡೂ ಫೋಲ್ಡರನ್ನು ಹೋಲಿಸಿದೆ. ಏನೂ ವ್ಯತ್ಯಾಸ ಬರಲಿಲ್ಲ, ಎಣಿಸಿದರೆ 412 ಇದ್ದವು. ಅತ್ತೆ ಮೊದಲನೆಯ ಫೈಲ್ ಹಾಕಿಸಿ ಕೇಳಿದರು. ಇನ್ನೊಂದು ಕಾಪಿಗೆ ಪೆನ್‌ಡ್ರೈವ್ ತರಲು ನಾನು ಗಾಂಧಿಬಜಾರ್ ಕಡೆ ಹೊರಟೆ.